ಸಹಾಯ ಬೇಕು: ಅಬ್ರೇಷನ್, ಅಟ್ರಿಷನ್ ಎರಡಕ್ಕೂ ‘ಸವೆತ’ವೇ?

ಎಲ್ಲರಿಗೂ ನಮಸ್ಕಾರ. ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕನ್ನಡ ಮಾಧ್ಯಮದ ಆರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕೆಲವು ಇಂಗ್ಲಿಷ್ ಪದಗಳ ಅರ್ಥವನ್ನು ಕನ್ನಡದಲ್ಲಿ ಹೇಳಲು ಹೋಗಿ ಮೂರು ದಿನದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದೇನೆ.

ಇನ್ನೊಬ್ಬರನ್ನು ಕೀಳಾಗಿ ಕಾಣುವ ಅರ್ಥದ ಪದಗಳು ಕಷ್ಟವಾಗಲಿಲ್ಲ. ಡಿಸ್ಪ್ಯಾರೇಜ್ ಎಂದರೆ ಹೀಗಳೆಯುವುದು. ಡೆನಿಗ್ರೇಟ್‌ನ ಲ್ಯಾಟಿನ್ ಮೂಲದಲ್ಲಿ ‘ಕಪ್ಪು’ ಇದೆ, ‘ಹೆಸರಿಗೆ ಮಸಿ ಬಳಿಯುವುದು’ ಎಂದೊಡನೆ ಮಕ್ಕಳಿಗೆ ಹೊಳೆಯಿತು. ಕರೋಷನ್‌ಗೆ ತುಕ್ಕು ಹಿಡಿದ ಬಕೆಟ್ ತೋರಿಸಿದೆ.

ತೊಡಕು ಇರುವುದು ಉಜ್ಜಾಟದ ಪದಗಳಲ್ಲಿ. ಹೊಳೆಯ ನೀರು ಹೊತ್ತು ತರುವ ಮರಳು, ಕಲ್ಲು ಹೊಳೆಯ ತಳವನ್ನು ಉಜ್ಜಿದರೆ ಅಬ್ರೇಷನ್; ಆ ಕಲ್ಲುಗಳೇ ಒಂದಕ್ಕೊಂದು ತಾಗಿ ನುಣುಪಾದರೆ ಅಟ್ರಿಷನ್. ನಿಘಂಟುಗಳನ್ನು ತಿರುವಿದೆ, ಪರಿಚಯದ ಭೂಗೋಳ ಶಿಕ್ಷಕರನ್ನು ಕೇಳಿದೆ; ಸಿಕ್ಕಿದ್ದು ಸವೆತ, ಸವಕಳಿ, ಘರ್ಷಣೆ. ಎರೋಷನ್‌ಗೂ ಅದೇ ಸವಕಳಿ! ಅಬ್ರೇಷನ್‌ಗೆ ಹಿತ್ತಲ ಬಾವಿಕಟ್ಟೆಯ ಕಲ್ಲು ತೋರಿಸಿದೆ. ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಆಳದ ಗೆರೆ ಬಿದ್ದಿದೆ. ಒಬ್ಬ ಹುಡುಗಿ ಕೇಳಿದಳು, “ಹಗ್ಗವೂ ಸವೆಯಿತಲ್ಲ, ಹಾಗಾದರೆ ಇದು ಅಟ್ರಿಷನ್ ಅಲ್ಲವೇ?” ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಪ್ರಶ್ನೆ ನ್ಯಾಯವಾದದ್ದು, ತೇಲಿಸಿಬಿಡಲು ಮನಸ್ಸಿಲ್ಲ.

ಅದರ ಮೇಲೆ, ಕೆಲಸ ಬಿಟ್ಟು ಹೋಗುವವರಿಂದ ಕಚೇರಿಯಲ್ಲಿ ಜನ ಕಡಿಮೆಯಾಗುವುದಕ್ಕೂ ಅಟ್ರಿಷನ್ ಎನ್ನುತ್ತಾರೆ. ಅಲ್ಲಿ ‘ಸವೆತ’ ಒಪ್ಪುವುದೇ ಇಲ್ಲ.

ನನ್ನ ಪ್ರಶ್ನೆ ಇಷ್ಟು: ಒಂದು ಇನ್ನೊಂದನ್ನು ಉಜ್ಜುವುದಕ್ಕೂ, ಎರಡೂ ಪರಸ್ಪರ ತಿಕ್ಕಿ ಸವೆಯುವುದಕ್ಕೂ ನಿಮ್ಮ ಊರಿನ ಮಾತಿನಲ್ಲಿ ಬೇರೆ ಬೇರೆ ಪದಗಳಿವೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬಳಸಿ ತಿಳಿಸುವಿರಾ?