ಅಪ್‌ಡೇಟ್: ಜರ್ಮನಿಗೆ ಬಂದು ಸೇರಿದೆ

ಓದೋಕೆ ಜರ್ಮನಿಗೆ ಹೊರಟಿದ್ದೇನೆ, ಹೋದ ತಕ್ಷಣ ಏನು ಮಾಡಬೇಕು ಅಂತ ನಿಮ್ಮನ್ನೆಲ್ಲ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಈಗ ಆಖೆನ್‌ನಲ್ಲಿದ್ದೇನೆ, ಕ್ಲಾಸ್ ಶುರುವಾಗಿದೆ.

"ಮೊದಲು ವಿಳಾಸ ನೋಂದಣಿ ಮಾಡಿಸು" ಅಂದಿದ್ದಿರಲ್ಲ, ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು. ಮನೆ ಸೇರಿದ 2 ವಾರದೊಳಗೆ ಮಾಡಿಸಬೇಕು. ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕೇ ಬೇಕು. ಆಮೇಲೆ ತೆರಿಗೆ ನಂಬರ್ ಪೋಸ್ಟ್‌ನಲ್ಲೇ ಬರುತ್ತದೆ. ಅದಕ್ಕೇ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗಿಬಿಡಬಹುದು.

ಭಾನುವಾರ ಅಂಗಡಿಗಳೆಲ್ಲ ಬಂದ್. ಹಾಲು, ಮೊಸರು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಬೇಕು. ಖಾಲಿ ನೀರಿನ ಬಾಟಲಿ ಬಿಸಾಡಬೇಡಿ. ಸೂಪರ್‌ಮಾರ್ಕೆಟ್‌ನಲ್ಲಿ ಗೋಡೆಗೆ ಸೇರಿಸಿದ ಯಂತ್ರದ ದುಂಡು ಬಾಯಿಗೆ ಇಟ್ಟರೆ, ಅದು ಬಾಟಲಿಯನ್ನು ಗಿರಗಿರ ತಿರುಗಿಸಿ ಒಳಗೆ ಎಳೆದುಕೊಂಡು ಚೀಟಿ ಕೊಡುತ್ತದೆ. ಬಾಟಲಿಗೆ 25 ಸೆಂಟ್, ಬಿಲ್‌ನಲ್ಲಿ ಕಳೆಯುತ್ತಾರೆ.

ನನಗೆ ಬಹಳ ಇಷ್ಟವಾಗಿದ್ದು ಇನ್ನೊಂದಿದೆ. ಲೆಕ್ಚರ್ ಮುಗಿದಾಗ ಇಲ್ಲಿ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಬೆರಳ ಗಂಟಿನಿಂದ ಡೆಸ್ಕ್ ಕುಟ್ಟುತ್ತಾರೆ. ಇಡೀ ಹಾಲ್ ಒಟ್ಟಿಗೆ ಟಕಟಕ ಅಂದಾಗ ಮೈ ಜುಂ ಅಂತು. ಮೇಷ್ಟ್ರಿಗೆ ದಿನಾ ಹೀಗೆ ಧನ್ಯವಾದ ಹೇಳೋದು ಎಷ್ಟು ಚೆಂದ ಅಲ್ವಾ!

ಸಾಮಾನಿನ ವಿಷಯ: ಅಕ್ಕಿ, ತೊಗರಿಬೇಳೆ ಹೊತ್ತು ತರಬೇಡಿ, ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಸಣ್ಣ ಕುಕ್ಕರ್ ಮತ್ತು ಮನೆಯ ಸಾರಿನ ಪುಡಿ ಮಾತ್ರ ಖಂಡಿತ ತನ್ನಿ. ಮುಂದಿನ ಸೆಮಿಸ್ಟರ್‌ಗೆ ಬರುವವರು ಏನಿದ್ದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.