ಅಪ್‌ಡೇಟ್: ಲಕ್ವ ಹೊಡೆದ ಬಸ್ ಚಾಲಕನಿಗೆ ಮತ್ತೆ ಕೆಲಸ

ಸಾರಿಗೆ ನಿಗಮದಲ್ಲಿ ಚಾಲಕನಾಗಿರುವ ಅಣ್ಣನಿಗೆ ಲಕ್ವ ಹೊಡೆದು ಎಡಗೈ ಹಿಡಿತ ಹೋಗಿದೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಳ್ಳಿ ಅಂತಿದ್ದಾರೆ, ಏನು ಮಾಡೋದು ಅಂತ ಕೇಳಿದ್ದೆ. ಈಗ ಅದೇ ವೇತನ ಶ್ರೇಣಿಯಲ್ಲಿ ಡಿಪೋ ಕಚೇರಿಯ ಕೆಲಸ ಸಿಕ್ಕಿದೆ. ಉತ್ತರ ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಇದೇ ಸ್ಥಿತಿಯಲ್ಲಿರುವವರು ದಯವಿಟ್ಟು ಅವಸರದಲ್ಲಿ ಯಾವುದಕ್ಕೂ ಸಹಿ ಹಾಕಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೆಕ್ಷನ್ 20(4): ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೇ ಕೆಲಸ ಆಗದಿದ್ದರೆ ಅದೇ ವೇತನ, ಸೌಲಭ್ಯದ ಬೇರೆ ಹುದ್ದೆ. ಅದೂ ಇಲ್ಲದಿದ್ದರೆ ಸಂಖ್ಯಾಧಿಕ ಹುದ್ದೆ, ಅಂದರೆ ಇರುವ ಹುದ್ದೆಗಳ ಲೆಕ್ಕದ ಮೇಲೆ ಅವರಿಗಾಗಿಯೇ ಕೊಡುವ ಹೆಚ್ಚುವರಿ ಹುದ್ದೆ. ಸರ್ಕಾರಿ ನಿಗಮಗಳಿಗೂ ಇದು ಅನ್ವಯ. ಖಾಸಗಿ ಕಂಪನಿಗೆ ಈ ಸೆಕ್ಷನ್ ಇಲ್ಲ.

ಬೇರೆ ಹುದ್ದೆ ಕೇಳಿ ಹಾಕುವ ಅರ್ಜಿ ಸಿಕ್ಕಿಹಾಕಿಕೊಳ್ಳೋದು ವೈದ್ಯರ ಪತ್ರದಲ್ಲಿ. ‘ಲಘು ಕೆಲಸ’ ಅಂತಷ್ಟೇ ಬರೆದರೆ ಯಾವ ಹುದ್ದೆ ಕೊಡಬೇಕೆಂದು ಕಚೇರಿಗೆ ತಿಳಿಯಲ್ಲ. ಎಷ್ಟು ಹೊತ್ತು ಕೂರಬಹುದು, ಎಷ್ಟು ಕೆಜಿ ಎತ್ತಬಹುದು, ಮೆಟ್ಟಿಲು, ರಾತ್ರಿ ಪಾಳಿ ಆಗುತ್ತಾ ಅನ್ನೋದನ್ನು ಆಕ್ಯುಪೇಷನಲ್ ಥೆರಪಿಸ್ಟ್ (ಕಾಯಿಲೆ ನಂತರ ದಿನನಿತ್ಯದ ಕೆಲಸ ಮತ್ತೆ ಮಾಡಲು ತರಬೇತಿ ಕೊಡುವ ಚಿಕಿತ್ಸಕರು) ಹತ್ತಿರ ಪರೀಕ್ಷೆ ಮಾಡಿಸಿ ಬರೆಸಿ.

ಒಂದೇ ಕೈಯಲ್ಲಿ ಬರೆಯುವಾಗ ರಿಜಿಸ್ಟರ್ ಸರಿಯುತ್ತೆ. ಕೆಳಗೆ ಜಾರದ ರಬ್ಬರ್ ಮ್ಯಾಟ್ ಹಾಕಿ. ಬಲವಿಲ್ಲದ ಕೈ ಜೋತುಬಿದ್ದರೆ ಭುಜ ನೋಯುತ್ತೆ, ಮೇಜಿನ ಮೇಲಿಟ್ಟಿರಬೇಕು. ಲಕ್ವದ ನಂತರದ ಸುಸ್ತು ಹೊರಗೆ ಕಾಣಲ್ಲ, ಹಾಗಾಗಿ ಮೊದಲ ಕೆಲವು ವಾರ ಅರ್ಧ ದಿನದ ಕೆಲಸ ಕೇಳಿ.