ಪಾತ್ ಕ್ಯಾಶ್ ಮಾಡೋ ಪ್ಯಾಚ್ ಮರ್ಜ್ ಮಾಡ್ಲಾ ಬೇಡ್ವಾ? ಭಾನುವಾರದ ಸಿ (ಪ್ರೋಗ್ರಾಮಿಂಗ್ ಭಾಷೆ) ಪ್ರಶ್ನೋತ್ತರ

ಅಕ್ಕ (ಚಿಕ್ಕಮಗಳೂರು): ಮಧ್ಯಾಹ್ನ ಊಟದವರೆಗೆ ಇರ್ತೀನಿ, ಸಿ ಕೋಡು, ಪ್ಯಾಚು (ಕೋಡಿಗೆ ಮಾಡೋ ತಿದ್ದುಪಡಿ) ಏನಿದ್ರೂ ಹಾಕಿ. ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟಾಗೇ ಹಾಕಿ.

ಮೂಡಿಗೆರೆ ಹುಡುಗ: ಅಕ್ಕ ನಮಸ್ತೆ. ನಮ್ಮ ತೋಟದ ಮಳೆಮಾಪಕಕ್ಕೆ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಹಾಕಿದೀವಿ, 15 ನಿಮಿಷಕ್ಕೊಂದ್ಸಲ ಮಳೆ ಒಂದು ಫೈಲಿಗೆ, ತೇವಾಂಶ ಇನ್ನೊಂದು ಫೈಲಿಗೆ ಬರಿಯುತ್ತೆ. ಫೋಲ್ಡರು 'ಇವತ್ತು' ಅನ್ನೋ ಸಿಮ್‌ಲಿಂಕ್ (ಬೇರೆ ಫೋಲ್ಡರಿಗೆ ಕೈ ತೋರ್ಸೋ ಹೆಸರು), ರಾತ್ರಿ 12ಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸೋ ಪ್ರೋಗ್ರಾಂ) ಅದನ್ನ ಹೊಸ ದಿನದ ಫೋಲ್ಡರಿಗೆ ತಿರುಗಿಸುತ್ತೆ. ಫೈಲ್ ಹೆಸರು ಕೊಟ್ರೆ ಪೂರ್ತಿ ಪಾತ್ (ಫೈಲ್ ಎಲ್ಲಿದೆ ಅನ್ನೋ ವಿಳಾಸ) ಕೊಡೋ ಫಂಕ್ಷನ್ ಒಂದಿದೆ, ಪ್ರತಿ ಸಲ ಕಟ್ಟೋದು ದಂಡ ಅಂತ ಫ್ರೆಂಡ್ ಪ್ಯಾಚ್ ಕಳಿಸಿದಾನೆ: ಒಳಗೊಂದು ಸ್ಟ್ಯಾಟಿಕ್ ಪಾಯಿಂಟರ್ (ಫಂಕ್ಷನ್ ಮುಗಿದ್ರೂ ಉಳಿಯೋ ಮೆಮೊರಿ ವಿಳಾಸ), ನಲ್ (ಖಾಲಿ) ಇದ್ರೆ ರಿಯಲ್‌ಪಾತ್ ಕರೆದು ಬಂದ ಪಾತನ್ನ ಇಟ್ಕೊಳ್ಳುತ್ತೆ (ಇದೇ ಕ್ಯಾಶ್), ಇಲ್ಲಾಂದ್ರೆ ಇರೋದನ್ನೇ ವಾಪಸ್ ಕೊಡುತ್ತೆ. ಟೆಸ್ಟ್ ಎಲ್ಲಾ ಪಾಸು. ಮರ್ಜ್ ಮಾಡ್ಲಾ (ನಮ್ಮ ಕೋಡಿಗೆ ಸೇರಿಸ್ಲಾ)?

ಅಕ್ಕ: ಮಾಡ್ಬೇಡ. ಪೈ ಮೇಲೆ ಈಗಾಗ್ಲೇ ಹಾಕಿದ್ರೆ ಮೊದಲು ತೆಗಿ, ಆಮೇಲೆ ಓದು.

ಫಂಕ್ಷನ್ ಹೆಸರು ಕೇಳ್ತಿದೆ, ಆದ್ರೆ ಕ್ಯಾಶ್ ಆ ಹೆಸರನ್ನ ನೋಡ್ತಾನೇ ಇಲ್ಲ. ಮೊದಲ ಸಲ 'ಮಳೆ' ಅಂತ ಕರೆದ್ರೆ ಅದು ಕೂತ್ಕೊಳ್ತು, ಎರಡನೇ ಸಲ 'ತೇವಾಂಶ' ಅಂದ್ರೂ ಮಳೆ ಫೈಲಿನ ಪಾತೇ ಬರುತ್ತೆ, ಅಂದ್ರೆ ತೇವಾಂಶದ 92 ಹೋಗಿ ಮಳೆ ಫೈಲಲ್ಲಿ ಕೂರುತ್ತೆ, ಯಾವ ಎರರೂ ಬರಲ್ಲ. ನಿನ್ನ ಟೆಸ್ಟು ಒಂದೇ ಫೈಲ್ ಕರೀತಿದೆ ಅನ್ಸುತ್ತೆ, ಅದಕ್ಕೇ ಪಾಸು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ರಿಯಲ್‌ಪಾತ್ ಸಿಮ್‌ಲಿಂಕನ್ನ ಬಿಡಿಸಿ ನಿಜವಾದ ಫೋಲ್ಡರ್ ಹೆಸರು ಕೊಡುತ್ತೆ. ಅದನ್ನ ಹಿಡಿದಿಟ್ಕೊಂಡ ಮೇಲೆ 12 ಗಂಟೆಗೆ ಕ್ರಾನ್ ಏನೇ ತಿರುಗಿಸಿದ್ರೂ ನಿನ್ನ ಪ್ರೋಗ್ರಾಂಗೆ ಗೊತ್ತಾಗಲ್ಲ, ರೀಸ್ಟಾರ್ಟ್ ಆಗೋವರೆಗೂ ಹಳೇ ದಿನದ ಫೈಲಿಗೇ ಬರೀತಾ ಇರುತ್ತೆ. ಜೊತೆಗೆ ಫೈಲ್ ಇನ್ನೂ ಹುಟ್ಟಿಲ್ದಿದ್ರೆ ರಿಯಲ್‌ಪಾತ್ ನಲ್ ಕೊಡುತ್ತೆ, ಅದನ್ನ ಹಾಗೇ ಎಫ್‌ಓಪನ್‌ಗೆ ಕೊಟ್ರೆ ಫೈಲ್ ತೆರೆಯಲ್ಲ, ಅದನ್ನ ಚೆಕ್ ಮಾಡದೆ ಬರಿಯೋಕೆ ಹೋದ್ರೆ ಕ್ರ್ಯಾಶ್.

ನಮ್ಮಪ್ಪ ದಿನಾ ಬೆಳಿಗ್ಗೆ ಮಾಪಕ ನೋಡಿ ಡೈರಿಯಲ್ಲಿ 1 ಇಂಚು 20 ಸೆಂಟು (ಸೆಂಟು ಅಂದ್ರೆ ಇಂಚಿನ ನೂರನೇ ಒಂದು ಭಾಗ) ಅಂತ ಬರೀತಿದ್ರು. ಹೂಮಳೆ (ಕಾಫಿ ಹೂ ಅರಳಿಸೋ ಮಳೆ) ಯಾವತ್ತು ಬಿತ್ತು ಅನ್ನೋದರ ಮೇಲೇ ಸ್ಪ್ರಿಂಕ್ಲರ್ ಹಾಕ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋರು. ತಾರೀಕು ತಪ್ಪಿದ ಮಳೆ ಲೆಕ್ಕ ಯಾರಿಗೂ ಬೇಡ, ಅದಕ್ಕೇ ಇಷ್ಟು ಹೇಳ್ತಿದೀನಿ.

ಇನ್ನು ದಂಡ ಅನ್ನೋ ಮಾತು. 15 ನಿಮಿಷಕ್ಕೆ ಎರಡು ಸಲ ಪಾತ್ ಕಟ್ಟೋಕೆ ಏನೂ ಖರ್ಚಿಲ್ಲ, ಅಳೆದು ನೋಡಿದಾನಾ ಅಂತ ಫ್ರೆಂಡನ್ನ ಕೇಳು. ರಿಯಲ್‌ಪಾತೂ ಬೇಡ, ಎಸ್‌ಎನ್‌ಪ್ರಿಂಟ್‌ಎಫ್‌ನಲ್ಲಿ (ಅಕ್ಷರ ಜೋಡಿಸೋ ಫಂಕ್ಷನ್) 'ಇವತ್ತು' ಸೇರಿಸಿ ಕಟ್ಟು, ಅದು ವಾಪಸ್ ಕೊಡೋ ಸಂಖ್ಯೆ ಬಫರ್ (ಪಾತ್ ಹಿಡಿಯೋಕೆ ಮೆಮೊರಿಯಲ್ಲಿ ಇಟ್ಟ ಜಾಗ) ಸೈಜಿಗೆ ಸಮ ಅಥವಾ ಜಾಸ್ತಿ ಇದ್ರೆ ಪಾತ್ ತುಂಡಾಗಿದೆ ಅಂತ ಅರ್ಥ, ಅಲ್ಲೇ ನಿಲ್ಸು. ಪ್ರತಿ ಸಲ ಓಪನ್ ಮಾಡಿ, ಬರೆದು, ಕ್ಲೋಸ್ ಮಾಡು.

ಹಾಸನ ಫೈನಲ್ ಇಯರ್: ಮೇಡಂ ಇಂಥ ಸ್ಟ್ಯಾಟಿಕ್ ಪಾಯಿಂಟರ್‌ಗೆ ವ್ಯಾಲ್‌ಗ್ರೈಂಡ್ (ಮೆಮೊರಿ ತಪ್ಪು ಹುಡುಕೋ ಟೂಲ್) 'ಸ್ಟಿಲ್ ರೀಚಬಲ್' ತೋರ್ಸುತ್ತೆ, ಲೀಕಾ (ವಾಪಸ್ ಬಿಡದೆ ಉಳಿದ ಮೆಮೊರಿಯಾ)?

ಅಕ್ಕ: ಒಂದೇ ಸಲ ಅಲೊಕೇಟ್ ಆಗಿ ಕೊನೇವರೆಗೂ ಬಳಕೆಯಲ್ಲಿದ್ರೆ ಚಿಂತೆ ಇಲ್ಲ. 'ಡೆಫಿನಿಟ್ಲಿ ಲಾಸ್ಟ್' ಬಂದ್ರೆ ನೋಡು.

ಬೇಲೂರು: ನಮ್ ಗ್ರೂಪಲ್ಲಿ ಬಂದಿದ್ದು, ಎಲ್ರಿಗೂ ಉಪಯೋಗ ಆಗ್ಲಿ: 1. ಬಫರ್ ಯಾವಾಗ್ಲೂ 10000 ಇಡಿ. 2. ಸ್ಟ್ರ್‌ಎನ್‌ಕಾಪಿ (ಅಕ್ಷರ ನಕಲು ಮಾಡೋ ಫಂಕ್ಷನ್) ಹಾಕಿದ್ರೆ ಪೂರ್ತಿ ಸೇಫ್. 3. ಓಪನ್ ಮಾಡೋ ಮುಂಚೆ ಆಕ್ಸೆಸ್ (ಫೈಲ್ ತೆರೆಯೋಕೆ ಅನುಮತಿ ಇದೆಯಾ ಅಂತ ಕೇಳೋ ಫಂಕ್ಷನ್) ಕರೆದು ಚೆಕ್ ಮಾಡಿ. 🙏

ಅಕ್ಕ: ದಯವಿಟ್ಟು ಇಂಥದ್ದನ್ನ ಫಾರ್ವರ್ಡ್ ಮಾಡ್ಬೇಡಿ. ಸ್ಟ್ರ್‌ಎನ್‌ಕಾಪಿ ಜಾಗ ಸಾಲದಿದ್ರೆ ಅಕ್ಷರ ಮುಗೀತು ಅಂತ ತೋರ್ಸೋ ಕೊನೆಯ ಸೊನ್ನೆ ಬೈಟ್ ಹಾಕೋದೇ ಇಲ್ಲ, ಆಮೇಲೆ ಓದೋ ಕೋಡು ಬಫರ್ ದಾಟಿ ಹೋಗುತ್ತೆ. ಆಕ್ಸೆಸ್ ಕೇಳಿದ್ದಕ್ಕೂ ಓಪನ್ ಮಾಡಿದ್ದಕ್ಕೂ ಮಧ್ಯೆ ಫೈಲ್ ಬದಲಾಗ್ಬಹುದು, ನೇರ ಓಪನ್ ಮಾಡಿ ಎರ್ರ್‌ನೋ (ಯಾಕೆ ಆಗ್ಲಿಲ್ಲ ಅನ್ನೋ ಎರರ್ ನಂಬರ್) ನೋಡಿ. ಲಿನಕ್ಸಲ್ಲಿ ಪಾತ್ ಮ್ಯಾಕ್ಸ್ (ಪಾತಿನ ಗರಿಷ್ಠ ಉದ್ದ) 4096 ಬೈಟ್, 10000 ಎಲ್ಲಿಂದ ಬಂತು?

ಬೇಲೂರು: ಒಳ್ಳೇದಕ್ಕೆ ಹಾಕಿದ್ದು ಮೇಡಂ.

ಅರಸೀಕೆರೆ: ಕ್ಯಾಶ್ ಮಾಡಿದ ಪಾತನ್ನ ಕರೆದೋರು ಫ್ರೀ ಮಾಡ್ಬೇಕಲ್ವಾ (ಮೆಮೊರಿ ವಾಪಸ್ ಬಿಡ್ಬೇಕಲ್ವಾ)? ಮ್ಯಾಲಾಕ್ ಆಗಿದ್ದನ್ನ (ಕೇಳಿ ಪಡೆದ ಮೆಮೊರಿಯನ್ನ) ತಗೊಂಡೋರೇ ಫ್ರೀ ಮಾಡೋದು ರೂಲು.

ಸಕಲೇಶಪುರ: ಮಾಡ್ಲೇಬಾರ್ದು ಮಾರಾಯ. ನೀನು ಫ್ರೀ ಮಾಡಿದ್ರೆ ಮುಂದಿನೋನಿಗೆ ಅದೇ ಸತ್ತ ಪಾಯಿಂಟರ್ ಸಿಗುತ್ತೆ.

ಅರಸೀಕೆರೆ: ರಿಯಲ್‌ಪಾತಿಗೆ ಎರಡನೇ ಆರ್ಗ್ಯುಮೆಂಟ್ ನಲ್ ಕೊಟ್ರೆ ಕರೆದೋರೇ ಫ್ರೀ ಮಾಡ್ಬೇಕು ಅಂತ ಮ್ಯಾನ್ ಪೇಜಲ್ಲೇ (ಲಿನಕ್ಸ್ ಕೈಪಿಡಿ) ಇದೆ ಕಣಪ್ಪ, ಓದು.

ಸಕಲೇಶಪುರ: ರಿಯಲ್‌ಪಾತನ್ನ ಕರೆದಿದ್ದು ಆ ಫಂಕ್ಷನ್ನು, ನೀನಲ್ಲ. ಮೊದ್ಲು ಯಾರು ಯಾರನ್ನ ಕರೀತಿದಾರೆ ಅಂತ ನೋಡು.

ಅರಸೀಕೆರೆ: ಹತ್ತು ವರ್ಷದಿಂದ ಸಿ ಬರೀತಿದೀನಿ, ನಿನ್ನಿಂದ ಕಲಿಯೋದು ಬೇಕಿಲ್ಲ.

ಕಡೂರು: ರಸ್ಟ್‌ನಲ್ಲಿ (ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ) ಬರೆದ್ರೆ ಈ ಜಗಳಾನೇ ಇರಲ್ಲ.

ಸಕಲೇಶಪುರ: ನಿನ್ನನ್ನ ಯಾರು ಕೇಳಿದ್ರು?

ಅಕ್ಕ: ಸಾಕು. ಸಕಲೇಶಪುರದವರು ಹೇಳಿದ್ದು ಸರಿ. ಕ್ಯಾಶ್ ಇಟ್ಕೊಂಡೋರು ಮಾಲೀಕರು, ಹೊರಗಿನೋರಿಗೆ ಕಾನ್ಸ್ಟ್ (ಓದೋಕೆ ಮಾತ್ರ) ಪಾಯಿಂಟರ್ ಕೊಡಿ, ಆಗ ಯಾರಾದ್ರೂ ಫ್ರೀ ಮಾಡೋಕೆ ಹೋದ್ರೆ ಕಂಪೈಲರೇ ವಾರ್ನಿಂಗ್ ಕೊಡುತ್ತೆ. ರಸ್ಟ್‌ನಲ್ಲಿ ಬರೆದಿದ್ರೂ ಹಳೇ ದಿನದ ಪಾತ್ ಹಳೇದೇ.

ತರೀಕೆರೆ: ಸ್ಟಿಲ್ ರೀಚಬಲ್ ಅಂದ್ರೆ ಲೀಕಾ ಮೇಡಂ?

ಅಕ್ಕ: ಮೇಲಿದೆ.

ಚನ್ನರಾಯಪಟ್ಟಣ: ಪಾತ್ ಬದ್ಲು ಫೈಲ್ ಡಿಸ್ಕ್ರಿಪ್ಟರನ್ನೇ (ತೆರೆದ ಫೈಲಿನ ನಂಬರ್) ಹಿಡಿದಿಟ್ರೆ?

ಅಕ್ಕ: ಅದೇ ತೊಂದರೆ. ಫೈಲ್ ರೀನೇಮ್ ಆದ್ರೂ ಡಿಸ್ಕ್ರಿಪ್ಟರ್ ಹಳೇ ಐನೋಡನ್ನೇ (ಡಿಸ್ಕ್ ಮೇಲಿನ ಅದೇ ಹಳೇ ಫೈಲನ್ನೇ) ಹಿಡಿದಿರುತ್ತೆ. ಲಾಗ್‌ರೊಟೇಟ್ (ಹಳೇ ಲಾಗ್ ಫೈಲ್ ಸರಿಸಿ ಹೊಸದು ಇಡೋದು) ಆದ್ಮೇಲೆ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಫೈಲ್ ಮತ್ತೆ ತೆರಿ ಅಂತ ಸಿಗ್‌ಹಪ್ ಸಿಗ್ನಲ್ ಕಳಿಸೋದು ಇದಕ್ಕೇ.

ಆಲೂರು: ಎರಡು ಥ್ರೆಡ್ ಒಟ್ಟಿಗೆ ಆ ನಲ್ ಚೆಕ್ ಮಾಡಿದ್ರೆ ಏನಾಗುತ್ತೆ?

ಹೊಳೆನರಸೀಪುರ: ಇಂಟರ್ನ್‌ಶಿಪ್ ಎಲ್ಲಾದ್ರೂ ಇದೆಯಾ ಮೇಡಂ, ಸಿ ಬರುತ್ತೆ.

ತರೀಕೆರೆ: ಮೇಲೆ ಎಲ್ಲಿ? ಸಿಗ್ತಿಲ್ಲ.

ಬೇಲೂರು: ಇಷ್ಟು ಸಿಡುಕೋದಾದ್ರೆ ಪ್ರಶ್ನೋತ್ತರ ಯಾಕೆ ಇಡ್ಬೇಕು?

ಅಕ್ಕ: ತಪ್ಪು ಸಲಹೆ ನಂಬಿ ಒಬ್ಬರ ಡೇಟಾ ಹೋದ್ರೆ ವಾಪಸ್ ಬರಲ್ಲ. ಅಷ್ಟಕ್ಕೇ ಹೇಳಿದ್ದು.

ಮೂಡಿಗೆರೆ ಹುಡುಗ: ಅಕ್ಕ, ಪೈ ಮೇಲೆ ಮೊನ್ನೆ ಗುರುವಾರ ಹಾಕಿಬಿಟ್ಟಿದ್ದೆ. ಎಸ್‌ಟ್ರೇಸ್ (ಪ್ರೋಗ್ರಾಂ ಯಾವ ಫೈಲ್ ತೆರೀತಿದೆ ಅಂತೆಲ್ಲ ತೋರ್ಸೋ ಟೂಲ್) ಹಾಕಿ ನೋಡ್ದೆ, ಇವತ್ತು ಭಾನುವಾರ, ಓಪನ್ ಆಗ್ತಿರೋದು ಗುರುವಾರದ ಫೋಲ್ಡರು. ತೇವಾಂಶವೂ ಅದೇ ಮಳೆ ಫೈಲಲ್ಲಿದೆ. ಈಗ ತೆಗೆದೆ.

ಅಕ್ಕ: ಆ ಫೈಲನ್ನ ಅಳಿಸ್ಬೇಡ, ಕಾಪಿ ಮಾಡಿಟ್ಕೊ. ಸಾಲಲ್ಲಿ ಟೈಮ್ ಇದೆಯಾ?

ಮೂಡಿಗೆರೆ ಹುಡುಗ: ತಾರೀಕು, ಟೈಮ್ ಎರಡೂ ಇದೆ ಅಕ್ಕ.

ಅಕ್ಕ: ಹಾಗಾದ್ರೆ ಬಿಡಿಸ್ಬಹುದು. ಪ್ರತಿ ಸಲ ಮೊದಲು ಮಳೆ, ಆಮೇಲೆ ತೇವಾಂಶ ಬರೆದಿರುತ್ತೆ, ಸಾಲು ಬಿಟ್ಟು ಸಾಲು ಬೇರೆ ಮಾಡು. ಹತ್ತು ಸಾಲು ಇಲ್ಲಿ ಹಾಕು, ಊಟ ಮಾಡಿ ಬಂದು ನೋಡ್ತೀನಿ.